ಎದೆಯ ಮೇಲಿನ ಕೈ

ಯಜಮಾನರು ರಾಮಗಿರಿ ಹತ್ತಿರ ಗಾಡಿಯಿಂದ ಬಿದ್ದಾಗ ದುರ್ಗದ ಆಸ್ಪತ್ರೆಗೆ ಕರೆದೊಯ್ದೆ. ತುರ್ತು ವಿಭಾಗದವರು ಎಕ್ಸ್‌ರೇ ನೋಡಿ ಏನೂ ಆಗಿಲ್ಲ ಅಂದರು. ಪಕ್ಕೆಲುಬು ಮುರಿದದ್ದು ಆಮೇಲೆ ಗೊತ್ತಾಯಿತು.

ಇಂಥ ತಪ್ಪುಗಳಿಗೆ ಹೊಣೆ ಯಾರೆಂದು ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಸುಪ್ರಿಯಾ ನನಗೆ ಆ ಎಕ್ಸ್‌ರೇ ತೋರಿಸಿದರು. ಮುರಿದ ಜಾಗವನ್ನು ಮುಚ್ಚಿಕೊಂಡು ಒಂದು ಕೈಯ ಮೂಳೆಗಳಿದ್ದವು. ಮೊಣಕೈವರೆಗೂ ಗಾಜಿನ ಬಳೆ.

ಎಕ್ಸ್‌ರೇ ತೆಗೆಯುವಾಗ ನಾನಂತೂ ಬಾಗಿಲಾಚೆ ಬೆಂಚಿನ ಮೇಲಿದ್ದೆ. ನನ್ನ ಕೈಲಿರೋದು ಒಂದೊಂದೇ ಬಳೆ. ಅಷ್ಟೊಂದು ಬಳೆ ತೊಟ್ಟವಳು ಇವರ ಮೊದಲ ಹೆಂಡತಿ ಹಾಲಮ್ಮ. ಬಸುರಿಯಾಗಿದ್ದಾಗಲೇ ತೀರಿಕೊಂಡವಳನ್ನು ಬಳೆಶಾಸ್ತ್ರದ ಬಳೆ ಸಮೇತ ಮಣ್ಣು ಮಾಡಿದ್ದರಂತೆ. ಇವತ್ತಿಗೂ ಮನೆಗೆ ತಂದ ಮೊದಲ ಹೂವು ಅವಳ ಫೋಟೋಕ್ಕೇ.

"ಅಜ್ಜಿ, ಇದು ನಿಮ್ಮ ಕೈಯಾದ್ರೆ, ನೀವು ಅಡ್ಡ ಇಟ್ಟಿದ್ದಕ್ಕೇ ಮುರಿದದ್ದು ಕಾಣಲಿಲ್ಲ, ಆಸ್ಪತ್ರೆದು ತಪ್ಪಿಲ್ಲ ಅಂತಾಗುತ್ತೆ. ನಿಜ ಹೇಳ್ರಿ," ಅಂದರು ಡಾಕ್ಟರು.

"ನಂದೇ ಕಣವ್ವ. ನನ್ನ ಗಂಡನ ಎದೆ ಮೇಲೆ ಇನ್ಯಾವಳು ಕೈ ಇಡ್ತಾಳೆ?" ಅಂದೆ.

ವಾರ್ಡಿಗೆ ಬಂದು ಇವರ ಎದೆ ಮುಟ್ಟಿದೆ. ಮೈಯೆಲ್ಲ ಜ್ವರದಿಂದ ಸುಡುತ್ತಿತ್ತು, ಅಂಗೈಯಗಲ ಜಾಗ ಮಾತ್ರ ನೀರಿನ ಹರವಿಯಂತೆ ತಣ್ಣಗಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ.

ಇವರು ಕಣ್ಣು ಬಿಡದೆ ಅಂದರು: "ನೀನೂ ಇಡು. ಪಕ್ಕದಾಗೆ ಜಾಗ ಐತೆ."