ನೀಲಿ ಹರಳಿನ ಜೋಡಿ ಹಿಡಿಗಳು

ಬಹಳ ಹಿಂದೆ, ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು ಎಂದು ಜನ ಇನ್ನೂ ನಂಬಿದ್ದ ಕಾಲದಲ್ಲಿ, ಹೊಂಬಾಳೆಪುರ ಎಂಬ ರಾಜ್ಯವಿತ್ತು. ಅಲ್ಲಿ ಮಾಚ ಎಂಬ ತರುಣ ಚಾಪೆ ಹೆಣೆದುಕೊಂಡು ಬದುಕುತ್ತಿದ್ದ. ಅವನಿಗೆ ತಂದೆತಾಯಿ ಇರಲಿಲ್ಲ. ಸಾಕಿದವಳು ಸೋದರತ್ತೆ ದೇಕವ್ವ, ಆಡಿಸಿದವಳು ಅಕ್ಕ ಜಕ್ಕಲೆ.

ಅಕ್ಕ ತಮ್ಮ ಇಬ್ಬರಿಗೂ ಹುಲಿ-ಕುರಿ ಆಟವೆಂದರೆ ಪ್ರಾಣ. ದೀಪ ಹಚ್ಚುವ ಹೊತ್ತಿಗೆ ಮಣೆಯ ಮುಂದೆ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಹುಲಿ ಯಾವಾಗಲೂ ಅಕ್ಕನದು, ಕುರಿ ಯಾವಾಗಲೂ ತಮ್ಮನದು. ಕುರಿಗಳು ಹುಲಿಯನ್ನು ಸುತ್ತುವರಿದು ಕಟ್ಟಿಹಾಕಬೇಕು. ಹುಲಿ ಕುರಿಯ ಮೇಲೆ ಹಾರಿ ಅದರಾಚೆಯ ಖಾಲಿ ಮನೆಯಲ್ಲಿ ಇಳಿದರೆ ಕುರಿ ಸತ್ತಂತೆ. ಜಕ್ಕಲೆ ಕೈಗೆ ಸಿಕ್ಕ ಕುರಿಯನ್ನು ಒಮ್ಮೆಯೂ ಬಿಟ್ಟವಳಲ್ಲ. ಹಾರಿದರೆ ಮುಂದೆ ತಾನೇ ಸಿಕ್ಕಿಬೀಳುತ್ತೇನೆ ಎಂದು ಗೊತ್ತಿದ್ದರೂ ಹಾರಿಯೇಬಿಡುತ್ತಿದ್ದಳು.

ಅವರದೇ ಒಂದು ಕಟ್ಟಳೆಯಿತ್ತು. ತನ್ನ ಸರದಿ ಬಂದಾಗ ಕಾಯಿ ನಡೆಸದೆ ಎದ್ದುಹೋದರೆ ಠೂ ಬಿಟ್ಟ ಹಾಗೆ. ಚಿಕ್ಕವನಿದ್ದಾಗ ಮಾಚ ಸೋಲುವ ಹೊತ್ತಿಗೆ ಸರಿಯಾಗಿ ಮುಖ ಊದಿಸಿಕೊಂಡು ಎದ್ದುಹೋಗುತ್ತಿದ್ದ. ಆಗ ಜಕ್ಕಲೆ ತನ್ನ ಹುಲಿಯನ್ನು ಒಂದು ಮನೆ ಮುಂದೆ, ಒಂದು ಮನೆ ಹಿಂದೆ, ಮತ್ತೆ ಮುಂದೆ, ಮತ್ತೆ ಹಿಂದೆ ಆಡಿಸುವಳು. ಬಾರೋ ಬಾರೋ ಎಂದು ಹುಲಿಯೇ ಕರೆದಂತೆ ಕಾಣುತ್ತಿತ್ತು. ಕಂಬದ ಮರೆಯಲ್ಲಿ ನಿಂತ ಹುಡುಗನಿಗೆ ನಗು ತಡೆಯಲಾಗುತ್ತಿರಲಿಲ್ಲ, ಓಡಿಬಂದು ಕೂರುತ್ತಿದ್ದ.

ಹೀಗಿರುವಾಗ ಜಕ್ಕಲೆಗೆ ಮದುವೆ ಗೊತ್ತಾಯಿತು. ಗಂಡಿನ ಊರು ಉಪ್ಪಿನ ಮರಳುಗಾಡಿನ ಆಚೆ. ಆ ಮರಳುಗಾಡನ್ನು ಬಿಳಿಯ ಒಂಟೆಗಳು ಮಾತ್ರ ದಾಟುತ್ತಿದ್ದವು. ಅವು ಮದುವೆಯ ದಿಬ್ಬಣವನ್ನಲ್ಲದೆ ಬೇರೆ ಯಾರನ್ನೂ ಹೊರುತ್ತಿರಲಿಲ್ಲ. ಹೋದ ಹೆಣ್ಣು ಮರಳಿ ಬರುವ ಮಾತೇ ಇಲ್ಲ.

"ನಾನು ಹೋದಮೇಲೆ ಯಾರ ಜೊತೆ ಆಡ್ತೀಯೋ ಮಾಚಾ?" ಎಂದು ಜಕ್ಕಲೆ ಕೇಳಿದಳು.

ಮಾಚ ಪೇಟೆಗೆ ಓಡಿದ. ಪೇಟೆಯಲ್ಲಿ ಜಟಿಲಾಕ್ಷ ಎಂಬ ಮಾಯಾವಿಯ ಅಂಗಡಿಯಿತ್ತು. ಅಲ್ಲಿ ಕೈಯಲ್ಲಿ ಹಿಡಿದು ಮಣೆಯ ಕಾಯಿ ನಡೆಸುವ ಜೋಡಿ ಹಿಡಿಗಳನ್ನು ಮಾರುತ್ತಿದ್ದರು. ಜೋಡಿಗೆ ಎರಡು ಹಿಡಿ, ಎರಡು ಮಣೆ. ದಾರವಿಲ್ಲ, ಕಡ್ಡಿಯಿಲ್ಲ. ಒಬ್ಬರು ಹಿಡಿಯ ಗುಂಡಿ ಒತ್ತಿದರೆ ಎಷ್ಟು ದೂರವಿದ್ದರೂ ಎರಡೂ ಮಣೆಗಳ ಮೇಲೆ ಕಾಯಿ ನಡೆಯುತ್ತಿತ್ತು. ಎದುರಾಳಿಯ ಕಾಯಿ ಪಕ್ಕಕ್ಕೆ ಬಂದರೆ ಕೈಯಲ್ಲಿದ್ದ ಹಿಡಿ ಗಡಗಡ ನಡುಗುತ್ತಿತ್ತು. ಹಿಡಿಗೆ ಬಿಸಿಲೇ ಆಹಾರ. ಅದರ ನೆತ್ತಿಯ ಮೇಲೊಂದು ನೀಲಿ ಹರಳು. ಹರಳು ಸ್ಥಿರವಾಗಿ ಬೆಳಗಿದರೆ ಜೋಡಿ ಕೂಡಿದೆ ಎಂದರ್ಥ, ಮಿಣುಕಿದರೆ ತನ್ನ ಜೋಡಿಯನ್ನು ಹುಡುಕುತ್ತಿದೆ ಎಂದರ್ಥ.

ಮಾಚ ಒಂದು ಜೋಡಿ ಕೊಂಡ. ಜೊತೆಗೆ ಒಂದು ತಾಮ್ರದ ಅಭಯಮುದ್ರೆಯನ್ನೂ ಕೊಟ್ಟರು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಕೆತ್ತಿತ್ತು: 'ವರ್ಷದೊಳಗೆ ಈ ಹಿಡಿ ಕೆಟ್ಟರೆ, ಸರಿಮಾಡಿಕೊಡುವ ತನಕ ಜಟಿಲಾಕ್ಷನು ಕೂರನು.' ಹಿಂಬದಿಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಇನ್ನೂ ಏನೇನೋ ಇತ್ತು. ಅದನ್ನು ಯಾರು ಓದುತ್ತಾರೆ? ಮಾಚನೂ ಓದಲಿಲ್ಲ.

ಮನೆಗೆ ತಂದೊಡನೆ ದೇಕವ್ವ, "ತಡಿಯೋ, ಹೊಸ ಸಾಮಾನು ಹಾಗೇ ಮುಟ್ಟಬಾರದು" ಎಂದು ತಮ್ಮನ ಹಿಡಿಗೆ ಕುಂಕುಮ, ಅಕ್ಕನ ಹಿಡಿಗೆ ಅರಿಶಿನ ಹಚ್ಚಿ ಊದುಬತ್ತಿ ಬೆಳಗಿದಳು. ಹಚ್ಚಿದ ಕೂಡಲೇ ಎರಡೂ ಮಣೆಗಳ ಮೇಲೆ ಕುರಿಗಳ ಹಣೆಯಲ್ಲಿ ಕೆಂಪು ಬೊಟ್ಟು ಮೂಡಿತು, ಹುಲಿಗಳ ಹಣೆಯಲ್ಲಿ ಹಳದಿ ಬೊಟ್ಟು ಮೂಡಿತು. ಮೂವರೂ ಬಿದ್ದು ಬಿದ್ದು ನಕ್ಕರು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕಿದ್ದು ಅದೇ ಕೊನೆ. ಮರುದಿನ ಜಕ್ಕಲೆ ಬಿಳಿ ಒಂಟೆ ಏರಿ ಹೋದಳು.

ಆಮೇಲೆ ದಿನವೂ ದೀಪ ಹಚ್ಚುವ ಹೊತ್ತಿಗೆ ಮಾಚ ಮಣೆಯ ಮುಂದೆ ಕೂರುತ್ತಿದ್ದ. ಹರಳು ನೀಲಿಯಾಗಿ ಬೆಳಗುತ್ತಿತ್ತು, ಹುಲಿ ತಾನಾಗಿ ನಡೆಯುತ್ತಿತ್ತು. ಅಕ್ಕನ ದನಿ ಕೇಳುತ್ತಿರಲಿಲ್ಲ, ಮುಖ ಕಾಣುತ್ತಿರಲಿಲ್ಲ. ಆದರೆ ಆತುರದ ಆ ನಡೆ ಅಕ್ಕನದೇ. ಮಾಚನಿಗೆ ಅಷ್ಟು ಸಾಕಾಗಿತ್ತು.

ಒಂದು ಸಂಜೆ ಮಾಚನ ಸರದಿ ಬಂದ ಹೊತ್ತಿನಲ್ಲೇ ಹರಳು ಮಿಣುಕತೊಡಗಿತು. ಗುಂಡಿ ಒತ್ತಿದ, ಕುರಿ ಅಲುಗಲಿಲ್ಲ. ಬಿಸಿಲಿಗೆ ಇಟ್ಟ, ಒರೆಸಿದ, ಊದಿದ, ಪಕ್ಕದ ಮನೆಯವರು ಹೇಳಿದರೆಂದು ಮೆಲ್ಲಗೆ ತಟ್ಟಿಯೂ ನೋಡಿದ. ಹರಳು ಮಿಣುಕುತ್ತಲೇ ಇತ್ತು.

"ಅತ್ತೆ, ನನ್ನ ಸರದಿ ಇತ್ತು" ಎಂದ ಮಾಚ. "ನಾನು ಠೂ ಬಿಟ್ಟೆ ಅಂದ್ಕೋತಾಳೆ ಅಕ್ಕ."

ಮಾಚ ಅಂಗಡಿಗೆ ಹೋದ. ಮಾರುವಾಗ ಜೇನಿನಂತೆ ಮಾತಾಡಿದ್ದ ಅಂಗಡಿಯವನು ಈಗ ತಲೆಯನ್ನೇ ಎತ್ತಲಿಲ್ಲ. "ಮಾರೋದಷ್ಟೇ ಇಲ್ಲಿ. ರಿಪೇರಿ ಏನಿದ್ರೂ ಯಜಮಾನರ ಕರಿಬೆಟ್ಟದ ಕೋಟೇಲಿ" ಎಂದ. ಮಾಚ ಹಿಡಿಯನ್ನೂ ಮುದ್ರೆಯನ್ನೂ ಸೊಂಟಕ್ಕೆ ಕಟ್ಟಿಕೊಂಡು ಕಾಡು ದಾಟಿ, ಹೊಳೆ ದಾಟಿ, ಕರಿಬೆಟ್ಟ ಹತ್ತಿದ.

ಕೋಟೆಯ ಮೊದಲ ಬಾಗಿಲಲ್ಲಿ ಒಂದು ಗಿಣಿ ಕೂತಿತ್ತು. "ನಿಮ್ಮ ಅಹವಾಲು ನಮಗೆ ಅತಿ ಮುಖ್ಯ. ದಯವಿಟ್ಟು ಕಾಯಿರಿ" ಎಂದಿತು. ಮಾಚ ಕಾದ. "ನಿಮ್ಮ ಅಹವಾಲು ನಮಗೆ ಅತಿ ಮುಖ್ಯ. ದಯವಿಟ್ಟು ಕಾಯಿರಿ" ಎಂದು ಗಿಣಿ ಮತ್ತೆ ಹೇಳಿತು. ಕಾದು ಕಾದು ಗಡ್ಡ ಸೊಂಟಕ್ಕಿಳಿದವರು ಅಲ್ಲಿದ್ದರು. ಬೈದು ಎದ್ದುಹೋಗುವವರೂ ಇದ್ದರು. ಮಾಚ ಬೆಟ್ಟದ ಹುಲ್ಲು ಕಿತ್ತು ಚಾಪೆ ಹೆಣೆಯುತ್ತಾ ಕೂತ. ಒಂದು ಮುಗಿದರೆ ಇನ್ನೊಂದು. ಹೇಳಿ ಹೇಳಿ ಗಿಣಿಯ ಗಂಟಲೇ ಒಣಗಿತು. ಮಾಚ ಅದಕ್ಕೊಂದು ಸೀಬೆಹಣ್ಣು ಕೊಟ್ಟ.

"ಕಾದವರು ಯಾರೂ ಹೀಗೆ ಹಣ್ಣು ಕೊಟ್ಟಿಲ್ಲ ಮಾರಾಯ" ಎಂದಿತು ಗಿಣಿ. "ಮುಂದೆ ಏನು ಹೇಳಬೇಕು ಅಂತ ನನಗೆ ಕಲಿಸೇ ಇಲ್ಲ. ಒಳಗೆ ಹೋಗು."

ಎರಡನೆಯ ಬಾಗಿಲಲ್ಲಿ ಒಂದು ಕರಡಿ ನಿಂತಿತ್ತು. "ಹಿಡಿ ಇದೆ, ಮುದ್ರೆ ಇದೆ. ಪೆಟ್ಟಿಗೆ ಎಲ್ಲಿ? ಕೊಂಡಾಗ ಬಂದ ಪೆಟ್ಟಿಗೆ ಇಲ್ಲದೆ ಒಳಗೆ ಬಿಡುವ ಹಾಗಿಲ್ಲ" ಎಂದು ಗುರುಗುಟ್ಟಿತು. ಮಾಚ ಬೆಟ್ಟ ಇಳಿದ, ಹೊಳೆ ದಾಟಿದ, ಕಾಡು ದಾಟಿ ಮನೆಗೆ ಬಂದ. ದೇಕವ್ವ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ಅದರಲ್ಲಿ ಮೆಂತ್ಯ ತುಂಬಿಟ್ಟಿದ್ದಳು. "ಗಟ್ಟಿ ಪೆಟ್ಟಿಗೆ ಕಣೋ, ಯಾರಾದರೂ ಎಸೀತಾರಾ?" ಎಂದಳು. ಮೆಂತ್ಯದ ಘಮದ ಪೆಟ್ಟಿಗೆ ಹೊತ್ತು ಮಾಚ ಮತ್ತೆ ಬೆಟ್ಟ ಹತ್ತಿದ. ಕರಡಿ ಮೂಸಿ ನೋಡಿ ಮುಖ ಸಿಂಡರಿಸಿ ದಾರಿ ಬಿಟ್ಟಿತು.

ಮೂರನೆಯ ಬಾಗಿಲಾಚೆ ಅಂಗಳದ ಜಗಲಿಯ ಮೇಲೆ ಜಟಿಲಾಕ್ಷನೇ ಕೂತಿದ್ದ. ಅವನು ಹಿಡಿಯನ್ನು ತಿರುಗಿಸಿ ನೋಡಿದ.

"ಇದೇನಿದು ಕೆಂಪು?"

"ಕುಂಕುಮ, ಸ್ವಾಮಿ. ಹೊಸ ಸಾಮಾನಿಗೆ ಪೂಜೆ ಮಾಡಬೇಕಲ್ಲ?"

ಜಟಿಲಾಕ್ಷನ ಮುಖ ಗಂಟಿಕ್ಕಿತು. "ಅರಿಶಿನ ಕುಂಕುಮ ಹಚ್ಚಬಾರದು ಅಂತ ಮುದ್ರೆಯ ಹಿಂದೆ ಕೆತ್ತಿಲ್ಲವೇ? ಅಭಯ ರದ್ದಾಯಿತು. ಹೊಸದು ಕೊಂಡುಕೋ, ನಡೆ!" ಎಂದು ಹಿಡಿಯನ್ನು ಅಂಗಳಕ್ಕೆ ಎಸೆದ.

ಮಾಚ ಅಂಗಳಕ್ಕೆ ಇಳಿದು ಹಿಡಿಯನ್ನು ಎತ್ತಿಕೊಂಡ. ಆಗಲೇ ಅವನು ಸುತ್ತ ನೋಡಿದ್ದು. ಅಂಗಳದ ತುಂಬ ಕಲ್ಲಿನ ಮೃಗಗಳು. ಕಲ್ಲಿನ ಕೋಣ, ಕಲ್ಲಿನ ಆನೆ, ಕಲ್ಲಿನ ಟಗರು. ಕೆಲವು ಸೂರೆ ಮಾಡಿದ ಭತ್ತದ ಮೂಟೆ ಹೊತ್ತು ತರುತ್ತಿದ್ದವು, ಕೆಲವು ಸುಮ್ಮನೆ ನಿಂತಿದ್ದವು. ನಡುವೆ ಒಂದು ಕಂಬ, ಕಂಬದ ತುದಿಯಲ್ಲಿ ಕುಂಬಳಕಾಯಿ ಗಾತ್ರದ ನೀಲಿ ಹರಳು. ನಾಲ್ಕು ದಿಕ್ಕಿನಿಂದಲೂ ನೀಲಿ ಬೆಳಕಿನ ಎಳೆಗಳು ಬಂದು ಅದರೊಳಗೆ ಇಳಿಯುತ್ತಿದ್ದವು.

ಮಾಚನ ಎದುರಿಗಿದ್ದ ಟಗರಿನ ಹಣೆಯಲ್ಲಿ ಒಂದು ಕೆಂಪು ಬೊಟ್ಟಿತ್ತು. ದೇಕವ್ವನ ಹೆಬ್ಬೆರಳಿನ ಅಗಲದ ಕುಂಕುಮದ ಬೊಟ್ಟು.

ಮಾಚ ಮೆಲ್ಲಗೆ ಗುಂಡಿ ಒತ್ತಿದ. ಟಗರು ಒಂದು ಹೆಜ್ಜೆ ಇಟ್ಟಿತು.

ಹಿಡಿ ಕೆಟ್ಟೇ ಇರಲಿಲ್ಲ! ಕೊಂಡವರ ಜೋಡಿಗಳನ್ನು ಕೂಡಿಸುವ ಎಳೆಗಳನ್ನು ಮಾಯಾವಿ ನಡುವೆ ಕತ್ತರಿಸಿ ತನ್ನ ಕಲ್ಲುಮೃಗಗಳಿಗೆ ಕಟ್ಟಿಕೊಂಡಿದ್ದ. ತಮ್ಮವರಿಗಾಗಿ ಹಂಬಲಿಸಿ ಜನ ಎಷ್ಟೆಷ್ಟು ಗುಂಡಿ ಒತ್ತುತ್ತಿದ್ದರೋ ಅಷ್ಟಷ್ಟು ಆ ಮೃಗಗಳು ಅವನು ಅಪ್ಪಣೆ ಕೊಟ್ಟ ಕಡೆಗೆ ನಡೆದು ಊರೂರು ಸೂರೆ ಮಾಡುತ್ತಿದ್ದವು. ಯಾವ ಹಿಡಿ ಯಾವ ಮೃಗಕ್ಕೆ ಎಂದು ಕುಂಕುಮ ಹೇಳಿಬಿಡುತ್ತದೆ ಎಂದೇ ಅವನು ಅದನ್ನು ಬೇಡವೆಂದಿದ್ದ.

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಅಂಗಳದ ಮೂಲೆಯಲ್ಲಿ ಒಂದು ಕಲ್ಲಿನ ಹುಲಿ ಎದ್ದು ನಿಂತಿತು. ಅದರ ಹಣೆಯಲ್ಲಿ ಅರಿಶಿನದ ಬೊಟ್ಟು. ಹುಲಿ ಒಂದು ಹೆಜ್ಜೆ ಮುಂದೆ ಬಂತು, ಒಂದು ಹೆಜ್ಜೆ ಹಿಂದೆ ಹೋಯಿತು. ಮತ್ತೆ ಮುಂದೆ, ಮತ್ತೆ ಹಿಂದೆ.

"ಹಾಳು ಹುಲಿ, ಸಂಜೆಯಾದರೆ ಇದೇ ಗೋಳು. ಎಷ್ಟು ಅಪ್ಪಣೆ ಕೊಟ್ಟರೂ ಬಗ್ಗಲ್ಲ" ಎಂದು ಜಟಿಲಾಕ್ಷ ಗೊಣಗಿದ.

ಮಾಚನ ಕಣ್ಣಲ್ಲಿ ನೀರು ಬಳಬಳ ಇಳಿಯಿತು. ಉಪ್ಪಿನ ಮರಳುಗಾಡಿನ ಆಚೆ, ಕಾಯಿ ಅಲುಗದ ಮಣೆಯ ಮುಂದೆ, ಅಕ್ಕ ದಿನವೂ ಕೂರುತ್ತಿದ್ದಳು. ತಮ್ಮ ಮುನಿಸಿಕೊಂಡಿದ್ದಾನೆ ಎಂದುಕೊಂಡು ದಿನವೂ ಬಾರೋ ಬಾರೋ ಎಂದು ಕರೆಯುತ್ತಿದ್ದಳು.

"ಇಲ್ಲ ಅಕ್ಕ, ನಾನು ಠೂ ಬಿಟ್ಟಿಲ್ಲ" ಎಂದ ಮಾಚ. ಕಣ್ಣೊರೆಸಿಕೊಂಡು ಅಂಗಳವನ್ನು ಮಣೆಯಂತೆ ನೋಡಿದ. ಇಲ್ಲಿ ಹುಲಿ, ಅಲ್ಲಿ ಕಂಬ. ಗುಂಡಿ ಒತ್ತಿ ಒತ್ತಿ ಟಗರನ್ನು ನಡೆಸಿಕೊಂಡು ಹೋಗಿ ಹುಲಿಗೂ ಕಂಬಕ್ಕೂ ನಡುವೆ, ಹುಲಿಯ ಪಕ್ಕದಲ್ಲೇ ನಿಲ್ಲಿಸಿದ.

ಹುಲಿ ಹಿಂದೆಮುಂದೆ ಆಡುವುದನ್ನು ಬಿಟ್ಟು ಗಕ್ಕನೆ ನಿಂತಿತು. ದೂರದ ಊರಿನಲ್ಲಿ ಜಕ್ಕಲೆಯ ಕೈಯಲ್ಲಿ ಹಿಡಿ ಗಡಗಡ ನಡುಗಿತ್ತು. ಕುರಿ ಪಕ್ಕಕ್ಕೆ ಬಂದಿದೆ!

"ಏಯ್, ಏನು ಮಾಡ್ತಿದ್ದೀಯೋ?" ಎಂದು ಜಟಿಲಾಕ್ಷ ಜಗಲಿಯಿಂದ ಧುಮುಕಿದ.

ಜಕ್ಕಲೆ ಸಿಕ್ಕ ಕುರಿಯನ್ನು ಬಿಡುವವಳೇ? ಕಲ್ಲಿನ ಹುಲಿ ಟಗರಿನ ಮೇಲೆ ಹಾರಿತು. ಹಾರಿದ್ದು ನೇರವಾಗಿ ಕಂಬದ ಮೇಲೆ ಇಳಿಯಿತು. ಕಂಬ ಮುರಿಯಿತು, ದೊಡ್ಡ ಹರಳು ನೆಲಕ್ಕೆ ಬಿದ್ದು ನುಚ್ಚುನೂರಾಯಿತು. ನೀಲಿ ಎಳೆಗಳೆಲ್ಲ ಬಿಡಿಸಿಕೊಂಡು ತಮ್ಮ ತಮ್ಮ ಮನೆಗಳ ಕಡೆ ಹಾರಿಹೋದವು. ಮೃಗಗಳು ಇದ್ದಲ್ಲೇ ಬರೀ ಕಲ್ಲಾದವು.

ಜಟಿಲಾಕ್ಷ ಕಂಗಾಲಾಗಿ ಜಗಲಿಯ ಮೇಲೆ ಕುಕ್ಕರಿಸಲು ಹೋದ. ಕೂರಲು ಆಗಲಿಲ್ಲ. ಇಷ್ಟು ದಿನ ದೊಡ್ಡ ಹರಳಿನ ಬಲದಿಂದ ತಪ್ಪಿಸಿಕೊಂಡಿದ್ದ ಅವನದೇ ಮಾತು ಈಗ ಅವನನ್ನು ಹಿಡಿದುಕೊಂಡಿತ್ತು. ಸರಿಮಾಡಿಕೊಡುವ ತನಕ ಕೂರನು ಎಂದು ಕೆತ್ತಿದವನು ಅವನೇ ಅಲ್ಲವೇ? ಅಂದಿನಿಂದ ಅವನು ಮನೆಮನೆಯ ಬಾಗಿಲಿಗೆ ನಡೆದು, ನಿಂತುಕೊಂಡೇ ಪ್ರತಿಯೊಂದು ಹಿಡಿಯನ್ನೂ ಒರೆಸಿ, ಜೋಡಿ ಕೂಡಿಸಿ ಕೊಟ್ಟ. ಹೊಂಬಾಳೆಪುರದ ದೊರೆ ಸೂರೆಯ ಭತ್ತವನ್ನು ಊರೂರಿಗೆ ಮರಳಿ ಹಂಚಿಸಿದ. ಗಿಣಿ ಹಾರಿಹೋಗಿ ಬೇರೆ ಮಾತು ಕಲಿಯಿತು. ಎಲ್ಲರ ಮನೆಯಲ್ಲೂ ನೀಲಿ ಹರಳು ಬೆಳಗಿತು, ಎಲ್ಲರೂ ನೆಮ್ಮದಿಯಾಗಿದ್ದರು.

ಮಾಚ ಮನೆಗೆ ಬಂದಾಗ ಮಣೆಯ ಮೇಲೆ ಒಂದು ಕುರಿ ಕಡಿಮೆಯಾಗಿತ್ತು. ಹಳದಿ ಬೊಟ್ಟಿನ ಹುಲಿ ಅದರಾಚೆಯ ಮನೆಯಲ್ಲಿ ಕೂತಿತ್ತು.

"ಸೋತೆಯೇನೋ?" ಎಂದು ಕೇಳಿದಳು ದೇಕವ್ವ.

"ಇಲ್ಲ ಅತ್ತೆ. ಈಗ ಹುಲಿಯನ್ನು ಕಟ್ಟಿಹಾಕಬಹುದು. ಎರಡೇ ನಡೆ ಸಾಕು."

ಆದರೆ ಮಾಚ ಆ ನಡೆ ನಡೆಸಲಿಲ್ಲ. ಬೇರೊಂದು ಕುರಿಯನ್ನು ಬೇಕೆಂದೇ ಬೇರೆಲ್ಲೋ ಸರಿಸಿದ. ಮರುಸಂಜೆ ಜಕ್ಕಲೆಯ ಹುಲಿಗೆ ಒಂದು ಕುರಿ ಬಾಯಿಗೇ ಸಿಕ್ಕಿತ್ತು. ಜೀವಮಾನದಲ್ಲಿ ಮೊದಲ ಸಲ ಜಕ್ಕಲೆ ಅದರ ಮೇಲೆ ಹಾರಲಿಲ್ಲ, ಪಕ್ಕದ ಮನೆಗೆ ಸುಮ್ಮನೆ ಸರಿದಳು. ಮಾಚನಿಗೆ ಅರ್ಥವಾಯಿತು. ಅಕ್ಕನಿಗೂ ಆಟ ಮುಗಿಯುವುದು ಬೇಡವಾಗಿತ್ತು.