ಬೋಲೆಟ್‌ಳ ಸಲಾಮು

"ಕೈ ತೆಗೀರಿ! ಅವಳ ಕಿವಿ ಹಿಂದೆ ಯಾರೂ ಮುಟ್ಟೋ ಹಾಗಿಲ್ಲ!"

ಆ ದನಿಗೆ ಸಿಸೆಲ್ ಬೆಚ್ಚಿದಳು. ಆದರೆ ಕೈ ತೆಗೆಯಲಿಲ್ಲ. ಆನೆಯ ಕಿವಿಯನ್ನು ಇನ್ನಷ್ಟು ಮೇಲೆತ್ತಿ, ಹಿಂದಿನ ಮೆತ್ತನೆಯ ಚರ್ಮದ ಮೇಲೆ ಬೆರಳಾಡಿಸಿದಳು. ಕೈಗವಸಿಗೆ ಬೂದುಬಣ್ಣದ ಜಿಡ್ಡು ಅಂಟಿತು. ಅದರಡಿಯಲ್ಲಿ... ಹಸಿ ಗಾಯ!

ತಿರುಗಿ ನೋಡಿದಳು. ಲಾಯದ ಬಾಗಿಲಲ್ಲಿ ಎತ್ತರದ ಯುವಕನೊಬ್ಬ ಬ್ರೆಡ್ಡಿನ ಬುಟ್ಟಿ ಹಿಡಿದು ನಿಂತಿದ್ದ. ಆಸ್ಗರ್. ಸರ್ಕಸ್ಸಿನ ಯಜಮಾನ ಹೋಲ್ಗರ್‌ನ ಒಬ್ಬನೇ ಮಗ, ಆನೆ ಆಡಿಸುವವನು.

"ಏನಿದು?"

"ಒಲೆ ಮಸಿ. ಹಂದಿ ಕೊಬ್ಬಲ್ಲಿ ಕಲಸಿದ್ದು."

"ಹಚ್ಚಿದ್ದು ಯಾರು?"

"...ನಾನೇ."

"ಗಾಯ ಮಾಡಿದ್ದು?"

ಅವನು ಗೋಡೆಯ ಕಡೆ ನೋಡಿದ. ಅಲ್ಲಿ ಅಂಕುಶ ತೂಗುತ್ತಿತ್ತು. ಹಿಡಿಗೆ ಕೆಂಪು ರೇಷ್ಮೆ ಪಟ್ಟಿ, ಕೊಕ್ಕೆಯ ಮೇಲೆ ಬಟ್ಟೆಯ ಹೂವು. ಆಟ ನೋಡಲು ಬಂದ ಮಕ್ಕಳಿಗೆ ಕಬ್ಬಿಣ ಕಾಣಬಾರದಲ್ಲ!

"ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ ಡಾಕ್ಟ್ರೇ. ಮಸಿ ಹಚ್ಚದಿದ್ರೆ ಪರವಾನಗಿ ಹೋಗುತ್ತೆ. ಆಮೇಲೆ ಅಪ್ಪ ಇವಳನ್ನ ಯಾವ ದೇಶಕ್ಕೆ ಮಾರ್ತಾರೋ..."

ಸರ್ಕಸ್ಸಿನಲ್ಲಿ ಆನೆ ಆಡಿಸುವುದನ್ನೇ ನಿಲ್ಲಿಸುವ ಮಸೂದೆ ಆಗ ಕೋಪನ್‌ಹೇಗನ್ನಿನ ಸಂಸತ್ತಿನ ಮುಂದಿತ್ತು. ಚಳಿಗಾಲಕ್ಕೆ ಯುಟ್ಲೆಂಡಿನ ಬಯಲಿನಲ್ಲಿ ಬೀಡುಬಿಟ್ಟಿದ್ದ ಸರ್ಕಸ್ಸುಗಳನ್ನು ನೋಡಿ ವರದಿ ಕೊಡಲು ಪಶುವೈದ್ಯೆ ಸಿಸೆಲ್‌ಳನ್ನು ಸಂಸತ್ತಿನ ಸಮಿತಿ ಕಳಿಸಿತ್ತು. ಬೋಲೆಟ್ ಎಂಬ ಆ ಮುದಿ ಆನೆಯ ಗತಿ ಇನ್ನು ಆ ಕಾನೂನಿನ ಕೈಯಲ್ಲಿತ್ತು.

ವಾರ ವಾರವೂ ಸಿಸೆಲ್ ಗಾಯ ತೊಳೆಯಲು ಬಂದಳು. ಆಸ್ಗರ್ ನೀರು ಕಾಯಿಸಿಡುತ್ತಿದ್ದ. ಬೋಲೆಟ್ ನೋವಿಗೆ ನಡುಗಿದರೆ ಅವನ ಕಣ್ಣು ಒದ್ದೆಯಾಗುತ್ತಿತ್ತು. ಇವನನ್ನು ದ್ವೇಷಿಸಲೇಬೇಕು ಎಂದು ಸಿಸೆಲ್ ಹಲ್ಲು ಕಚ್ಚಿದ್ದಳು. ಹಾಳು ಮನಸ್ಸು ಕೇಳಬೇಕಲ್ಲ!

"ಏನ್ ಡಾಕ್ಟ್ರಮ್ಮಾ, ಆನೆ ನೋಡೋಕೆ ಬಂದ್ರಾ, ನನ್ ಮಗನ್ನ ನೋಡೋಕೆ ಬಂದ್ರಾ?" ಎಂದು ಹೋಲ್ಗರ್ ಹಂಗಿಸುತ್ತಿದ್ದ.

"ಎರಡರಲ್ಲಿ ಯಾವುದಕ್ಕೆ ಮೈ ಸರಿಯಿಲ್ಲವೋ ಅದನ್ನ!" ಎಂದು ಇವಳೂ ಬಿಡುತ್ತಿರಲಿಲ್ಲ.

ಒಂದು ಸಂಜೆ ಆಸ್ಗರ್ ತಾನಾಗಿ ಹೇಳಿದ, "ಸಮಿತಿ ಮುಂದೆ ಎಲ್ಲಾ ಹೇಳ್ಬಿಡ್ತೀನಿ ಸಿಸೆಲ್."

ಡೇರೆಯೊಳಗಿನ ಮಾತು ಹೊರಗೆ ಆಡಿದವನಿಗೆ ಸರ್ಕಸ್ಸಿನವರು ಮತ್ತೆ ನೀರೂ ಕೊಡುವುದಿಲ್ಲ. ಅದು ಗೊತ್ತಿದ್ದೇ ಅವಳ ಕಣ್ಣು ತುಂಬಿತು.

ಆದರೆ ವಿಚಾರಣೆಯ ದಿನ?

ಸಂಸತ್ ಭವನದ ಪಡಸಾಲೆಯಲ್ಲಿ ಅವನು ಜರಿ ಅಂಚಿನ ಸರ್ಕಸ್ ಕೋಟು ತೊಟ್ಟು ಸರ್ಕಸ್ ಯಜಮಾನರ ನಡುವೆ ಕೂತಿದ್ದ. ಹೋಲ್ಗರ್‌ನ ಕೈ ಮಗನ ಹೆಗಲ ಮೇಲಿತ್ತು. ಸಿಸೆಲ್ ನೇರ ಅವನ ಮುಂದೆ ಹೋಗಿ ನಿಂತಳು.

"ಮಾತು ಕೊಟ್ಟಿದ್ದು ನನ್ನ ಬಾಯಿ ಮುಚ್ಚಿಸೋಕಾ? ಥೂ... ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ!"

ಆಸ್ಗರ್ ತಲೆ ಎತ್ತಲಿಲ್ಲ. ಒಳಗೆ ಸರ್ಕಸ್ಸಿನವರ ಸಾಕ್ಷಿಯೆಂದೇ ಅವನ ಹೆಸರು ಕೂಗಿದರು. ಅಪ್ಪನ ಪಕ್ಕ ಕೂತಿರದಿದ್ದರೆ ಆ ಕರೆ ಬರುತ್ತಲೇ ಇರಲಿಲ್ಲ.

"ಬೋಲೆಟ್ ಸಂಗೀತಕ್ಕೆ ಕುಣೀತಾಳೆ ಅಂತ ಜನ ಚಪ್ಪಾಳೆ ತಟ್ತಾರೆ," ಅವನು ಸಮಿತಿಯ ಮುಂದೆ ನಿಂತು ಹೇಳಿದ. "ಕುಣಿತ ಅಲ್ಲ ಅದು. ಸರಪಳಿಲಿ ನಿಂತು ನಿಂತು ತಲೆಕೆಟ್ಟು ತೂಗಾಡ್ತಾಳೆ. ಅಂಕುಶದಲ್ಲಿ ಅಪ್ಪ ಚುಚ್ಚಿದ್ದಾರೆ. ನಾನೂ ಚುಚ್ಚಿದ್ದೀನಿ. ಮಸಿ ಬಳಿದು ಮುಚ್ಚಿದ್ದೂ ನಾನೇ."

ಹೋಲ್ಗರ್ ಎದ್ದು ನಿಂತ. "ಇವತ್ತಿಂದ ನನಗೆ ಮಗ ಇಲ್ಲ," ಎಂದವನೇ ಹೊರಟುಹೋದ.

ಸಿಸೆಲ್ ಆಸ್ಗರ್‌ನ ಕಡೆಗೆ ಓಡಿದಳು. ಅಯ್ಯೋ... ಎಂಥ ಮಾತು ಆಡಿಬಿಟ್ಟೆ!

ಕ್ಷಮೆ ಕೇಳಿದಾಗ ಆಸ್ಗರ್ ಬರೀ ಇಷ್ಟೇ ಅಂದ, "ಅಷ್ಟೂ ಅನ್ನಿಸ್ಕೊಳ್ಳದಿದ್ರೆ ಹೇಗೆ ಬಿಡು. ಬೋಲೆಟ್ ಎಷ್ಟು ಏಟು ತಿಂದಿದ್ದಾಳೆ..."

ಮಸೂದೆ ಕಾನೂನಾಯಿತು. ಸರ್ಕಾರ ಬೋಲೆಟ್‌ಳನ್ನು ಕೊಳವೂ ಹುಲ್ಲುಗಾವಲೂ ಇದ್ದ ಒಂದು ಫಾರ್ಮಿಗೆ ಸಾಗಿಸಿತು. ಆರೈಕೆಗೆ ಸಿಸೆಲ್ ಅಲ್ಲೇ ಉಳಿದಳು. ಆಸ್ಗರ್ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ. ಬೋಲೆಟ್‌ಳ ಗಾಯ ಪೂರ್ತಿ ಮಾಯುವವರೆಗೂ ನೋಡಲು ಬರದೆ ಕಾಯುತ್ತೇನೆಂದಿದ್ದ. ಕೊನೆಗೆ ಸಿಸೆಲ್ ಫೋನ್ ಮಾಡಿ, "ಬಾ, ನಿನ್ನ ಹುಡುಗಿ ಕೆಸರಲ್ಲಿ ಹೊರಳಾಡ್ತಿದ್ದಾಳೆ!" ಎಂದಳು.

ಅವನು ರೈ ಬ್ರೆಡ್ ಹಿಡಿದು ಓಡೋಡಿ ಬಂದ.

ಬೇಲಿಯಾಚೆ ಬೋಲೆಟ್ ಅವನನ್ನು ಕಂಡಳು. ನಿಂತಲ್ಲೇ ಸೊಂಡಿಲು ಸುರುಳಿ ಸುತ್ತಿ ಮುಂಗಾಲು ಎತ್ತಿದಳು.

"ನೋಡಿದ್ಯಾ! ಸಲಾಮು ಹೊಡೀತಿದ್ದಾಳೆ! ಸರ್ಕಸ್ಸಲ್ಲಿ ದಿನಾ ಬೆಳಿಗ್ಗೆ ನನ್ನ ನೋಡಿದ್ರೆ ಹೀಗೇ ಮಾಡ್ತಿದ್ಲು... ಮರೆತಿಲ್ಲ ಕಣೇ ನನ್ನ!" ಅವನು ಮಗುವಿನಂತೆ ಅಳುತ್ತಾ ನಗುತ್ತಿದ್ದ.

ಸಿಸೆಲ್ ನಗಲಿಲ್ಲ. ಆನೆಯ ಉಳಿದ ಮೂರು ಕಾಲುಗಳು ಗಡಗಡ ನಡುಗುತ್ತಿದ್ದವು. ನಿಂತಲ್ಲೇ ಮೂತ್ರ ಹರಿಯುತ್ತಿತ್ತು. ಅವನು ಎಸೆದ ಬ್ರೆಡ್ಡಿನ ಕಡೆಗೆ ನೋಟವೇ ಇಲ್ಲ, ಕಣ್ಣು ಅವನ ಬಲಗೈಯ ಮೇಲೆಯೇ ನೆಟ್ಟಿತ್ತು.

ಆಸ್ಗರ್ ಕಣ್ಣೊರೆಸಲು ಆ ಕೈ ಎತ್ತಿದ. ಬೋಲೆಟ್ ನರಳಿ ಮೊಣಕಾಲೂರಿದಳು!

ಅವನ ನಗು ಸತ್ತುಹೋಯಿತು.

"ಸಿಸೆಲ್... ಇಲ್ಲಿ ಬೇರೆ ಯಾರಿಗಾದ್ರೂ ಹೀಗೆ ಮಾಡಿದ್ದಾಳಾ?"

ಸುಳ್ಳು ಹೇಳಿಬಿಡಲೇ? ಇವನಿಗೆ ಉಳಿದಿರುವುದು ಇದೊಂದೇ. ಅಪ್ಪ ಇಲ್ಲ, ಮನೆ ಇಲ್ಲ... ಆದರೆ ಬೇಲಿಯಾಚೆ ಆ ಮುದಿ ಜೀವ ಇನ್ನೂ ಮೊಣಕಾಲ ಮೇಲೆಯೇ ಇತ್ತು.

"ಇಲ್ಲ," ಎಂದಳು. "ಯಾರಿಗೂ ಇಲ್ಲ."

ಅವನು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟು, ಹೆಜ್ಜೆ ಹೆಜ್ಜೆ ಹಿಂದೆ ಸರಿದು ಕೊಟ್ಟಿಗೆಯ ಮರೆಗೆ ಹೋಗಿ ಕುಸಿದು ಕೂತ. ಸಿಸೆಲ್ ಅವನ ಹಿಂದೆಯೇ ಹೋದಳು.

"ಆಸ್ಗರ್, ನೀನು ಮತ್ತೆ..."

"ಬರಬಾರದು. ಗೊತ್ತು." ಬಹಳ ಹೊತ್ತು ಅವನು ಬಿಕ್ಕಿದ. "ಇಷ್ಟು ವರ್ಷ ಅದನ್ನ ಪ್ರೀತಿ ಅಂದ್ಕೊಂಡಿದ್ದೆ. ಇನ್ನು ನೀನು ನನ್ನ ನೋಡಿ ನಕ್ರೂ... ಅದು ಪ್ರೀತಿನೋ ಭಯನೋ ಅಂತ ನನಗೆ ಹೇಗೆ ಗೊತ್ತಾಗುತ್ತೆ?"

ಸಿಸೆಲ್ ಅವನ ಬಲಗೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಆ ಕೈ ಏನೇನು ಮಾಡಿದೆಯೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಅವಳ ಕಾಲಿಗೆ ಸರಪಳಿ ಇತ್ತು. ನನಗಿಲ್ಲ. ಈ ಕೈ ಮೇಲೆ ನನಗೆ ಕೋಪ ಇದೆ, ಅದು ಬೇಗ ಹೋಗಲ್ಲ. ನಿನ್ನ ಮೇಲೆ ಪ್ರೀತಿನೂ ಇದೆ. ಪ್ರತಿ ಭಾನುವಾರ ಬಂದರಿಗೆ ನಾನೇ ಬರ್ತೀನಿ. ಬೇಡ ಅನ್ನಿಸಿದ ದಿನ ಎದ್ದು ಹೋಗ್ತೀನಿ. ಅದನ್ನ ನಂಬು."

"ಮತ್ತೆ... ಇವತ್ತು?"

"ಇವತ್ತು ಇಲ್ಲೇ ಇದ್ದೀನಲ್ಲೋ."