ರಂಫಾಳ ಸವತಿ

ಬಾಳೆಗೊನೆ ಪೇರಿಸಿಟ್ಟ ಶೆಡ್ಡಿನ ಹಿಂದಿನಿಂದ ಗಂಡಸಿನ ದನಿ ಕೇಳಿ ರಂಫಾ ಅಲ್ಲೇ ನಿಂತಳು.

"ಎಷ್ಟೂಂತ ಮುನಿಸ್ಕೋತೀಯ? ನಿನ್ನೆ ನಿನ್ನ ಬಿಟ್ಟು ಪೇಟೆಗೆ ಹೋಗಿದ್ದು ತಪ್ಪೇ. ಒಪ್ಕೊಂಡೆ. ಈಗ ಒಂದೇ ಒಂದು ತುತ್ತು ತಿನ್ನು. ನನ್ನ ಚಿನ್ನ ಅಲ್ವಾ ನೀನು?"

ಆ ದನಿಯಲ್ಲಿ ಬೆಣ್ಣೆ ಕರಗುತ್ತಿತ್ತು. ಥಾಯ್ಲೆಂಡಿನ ಈ ಸಮುಯಿ ದ್ವೀಪದಲ್ಲೇ ಹುಟ್ಟಿ ಬೆಳೆದ ರಂಫಾಳನ್ನು ಇದುವರೆಗೆ ಯಾವ ಗಂಡಸೂ ಹೀಗೆ ಗೋಗರೆದಿರಲಿಲ್ಲ. ಅಪ್ಪನ ಕೆಂಪು ಪಿಕಪ್ಪಿನ ಹಿಂದೆ ಪ್ರವಾಸಿಗಳನ್ನು ಕೂರಿಸಿಕೊಂಡು ಗುಡಿ, ಜಲಪಾತ, ಈ ಆನೆತೋಟ ಎಂದು ಸುತ್ತಿಸುವುದು ಅವಳ ಕೆಲಸ. ಈ ದಿನ ಬ್ಯಾಂಕಾಕಿನಿಂದ ಬಂದ ಕುಟುಂಬವೊಂದು ಆನೆ ನೋಡಲು ಬಿಸಿಲಲ್ಲಿ ಕಾದು ಕೂತಿದ್ದರೆ, ಮಾವುತ ಶೆಡ್ಡಿನ ಮರೆಯಲ್ಲಿ ಸರಸಕ್ಕಿಳಿದಿದ್ದಾನೆ!

"ರೀ ಮಾವುತರೇ, ಸಂಸಾರ ಆಮೇಲೆ ಮಾಡಿ. ಅಲ್ಲಿ ಮಕ್ಕಳು ಬೆಂದುಹೋಗ್ತಿದಾವೆ," ಎನ್ನುತ್ತ ತಡಿಕೆ ಸರಿಸಿದಳು.

ಅಲ್ಲಿ ಹೆಂಗಸೇ ಇರಲಿಲ್ಲ. ಮುದಿ ಹೆಣ್ಣಾನೆಯೊಂದು ಗೋಡೆಯಂಥ ಬೂದು ಬೆನ್ನು ತೋರಿಸಿ ನಿಂತಿತ್ತು. ಅದರ ಮಗ್ಗುಲಲ್ಲಿ ಅನಾನಸಿನ ಹೋಳು ಹಿಡಿದ ಒಬ್ಬ ಎತ್ತರದ ಯುವಕ. ಬಿಸಿಲಿಗೆ ಕಂದಿದ ಮುಖ, ಹುಲ್ಲು ಸಿಕ್ಕಿಕೊಂಡ ತಲೆಗೂದಲು.

"ಇವಳ ಹೆಸರು ಬುವಾ. ತಾವರೆ ಅಂತ," ಎಂದ ಅವನು ಗಂಭೀರವಾಗಿ. "ಈಗಷ್ಟೇ ಸ್ವಲ್ಪ ಇಳಿದಿತ್ತು ಸಿಟ್ಟು. ನೀವು ಬಂದು ಕೆಡಿಸಿದ್ರಿ."

"ನಾನೇನ್ರೀ ಮಾಡ್ದೆ?"

"ಇವಳ ಎದುರಿಗೆ ನಾನು ಬೇರೆ ಹೆಂಗಸರ ಜೊತೆ ಮಾತಾಡೋ ಹಾಗಿಲ್ಲ. ಇಗೊಳ್ಳಿ, ನೀವೇ ಕೊಟ್ಟು ರಾಜಿ ಮಾಡ್ಕೊಳ್ಳಿ."

ರಂಫಾ ಅಂಜುತ್ತಲೇ ಹೋಳನ್ನು ಚಾಚಿದಳು. ಸೊಂಡಿಲು ಬಂತು, ಹಣ್ಣನ್ನು ಮೂಸಿತು, ಬಿಟ್ಟಿತು. ಆಮೇಲೆ ಅವಳ ತಲೆಯ ಮೇಲಿನ ಒಣಹುಲ್ಲಿನ ಟೊಪ್ಪಿಯನ್ನೇ ಎಗರಿಸಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿಯತೊಡಗಿತು.

ದೇಚಾ, ಅದು ಆ ಮಾವುತನ ಹೆಸರು, ನಗು ತಡೆಯಲಾರದೆ ಆನೆಯ ಕಾಲಿಗೇ ಒರಗಿಬಿಟ್ಟ. ನಗುವಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿದ್ದವು. ಟೊಪ್ಪಿ ಕಳೆದುಕೊಂಡ ರಂಫಾ ಸಿಟ್ಟು ಮಾಡಬೇಕೆಂದುಕೊಂಡಳು. ಆಗಲಿಲ್ಲ.

ಆಮೇಲೆ ಅವಳ ಪಿಕಪ್ಪಿಗೆ ಆನೆತೋಟದ ಹುಚ್ಚು ಹಿಡಿಯಿತು. ದೊಡ್ಡ ಬುದ್ಧನ ಗುಡಿಗೆಂದು ಹತ್ತಿದವರನ್ನೂ "ದಾರೀಲೇ ಒಂದು ಆನೆ ಇದೆ, ನೋಡ್ಕೊಂಡ್ ಹೋಗೋಣ" ಎಂದು ಎದುರು ದಿಕ್ಕಿಗೆ ತಿರುಗಿಸುತ್ತಿದ್ದಳು.

ದೇಚಾ ದೂರದ ಸುರಿನ್ ಸೀಮೆಯವನು. ಬುವಾ ಅವನ ತಾತನ ಆನೆ. ಹೆತ್ತಮ್ಮ ಸತ್ತಾಗ ಇವನಿನ್ನೂ ತೊದಲು ಮಾತಿನ ಕೂಸು. ಬಯಲಲ್ಲಿ ಆನೆಯ ಮುಂಗಾಲುಗಳ ನಡುವೆ ಚಾಪೆ ಹಾಸಿ ಮಲಗಿಸಿದರೆ ಬುವಾ ನೊಣ ಕೂರಲೂ ಬಿಡುತ್ತಿರಲಿಲ್ಲವಂತೆ. ತಾತ ತೀರಿಕೊಂಡ ಮೇಲೆ ಆನೆ ಈ ದ್ವೀಪದ ತೋಟಕ್ಕೆ ಬಂತು. ಅದರ ಹಿಂದೆ ಇವನೂ ಬಂದ.

"ಅಂದ್ರೆ ನಿಮ್ಮನ್ನ ಯಾರೂ ಕೆಲಸಕ್ಕೆ ಕರೀಲಿಲ್ಲ. ಆನೆ ಬಾಲ ಹಿಡ್ಕೊಂಡು ಬಂದ್ರಿ," ಎಂದು ರಂಫಾ ಕಾಲೆಳೆದಳು.

"ಬಾಲ ಅಲ್ಲ ಡ್ರೈವರಮ್ಮಾ, ಸೊಂಡಿಲು. ಅವಳು ಹಿಡ್ಕೊಂಡಿದ್ಲು, ನಾನಲ್ಲ."

ಅವಳು ಮನೆಯಿಂದ ಮೀನಿನ ಸಾರು ತಂದರೆ ಅವನು ಒಂದು ತುತ್ತಿಗೇ ಕಣ್ಣೀರು ಸುರಿಸುತ್ತಿದ್ದ. "ಇದು ಸಾರೋ ಶಿಕ್ಷೆಯೋ? ನಿಮ್ಮ ದಕ್ಷಿಣದವರ ನಾಲಿಗೆ ಏನು ಚರ್ಮದ್ದಾ?" ಎನ್ನುತ್ತಲೇ ಬಟ್ಟಲು ನೆಕ್ಕುತ್ತಿದ್ದ. ಅವನು ಅಂಟಕ್ಕಿಯ ಅನ್ನವನ್ನು ಉಂಡೆ ಕಟ್ಟಿ ಕೊಟ್ಟರೆ ಅವಳು "ಇದನ್ನ ಗೋಡೆಗೆ ಹೊಡೆದ್ರೆ ಗೋಡೆ ಬೀಳತ್ತೆ" ಎನ್ನುತ್ತಲೇ ಇನ್ನೊಂದಕ್ಕೆ ಕೈ ಒಡ್ಡುತ್ತಿದ್ದಳು.

ನಾ ಮುವಾಂಗ್ ಜಲಪಾತದ ಕೆಳಗೆ, ನೇರಳೆ ಬಣ್ಣದ ಬಂಡೆಗಳ ನಡುವೆ, ಅವನು ಬುವಾಳ ಮೈ ತೊಳೆಯುತ್ತಿದ್ದ. ಒಮ್ಮೆ ಹಸಿ ಬಂಡೆಯ ಮೇಲೆ ರಂಫಾಳ ಕಾಲು ಜಾರಿತು. ಅವನು ಕೈ ಹಿಡಿದ. ಕಾಲು ನೆಲೆ ನಿಂತ ಮೇಲೂ ಕೈ ಬಿಡಲಿಲ್ಲ.

"ಬಿದ್ಯಾ?" ಎಂದ.

"ಇನ್ನೂ ಇಲ್ಲ," ಎಂದಳು. ಆಮೇಲೆ ಮೆಲ್ಲಗೆ, "'ಬಿದ್ರಾ' ಹೋಗಿ 'ಬಿದ್ಯಾ' ಯಾವಾಗ ಆಯ್ತು?"

ಅವನ ಕಿವಿ ಕೆಂಪಾದವು. ದೃಷ್ಟಿ ಅವಳ ಹಣೆಗೆ ಅಂಟಿದ್ದ ಒದ್ದೆ ಕೂದಲಿನ ಮೇಲೆ ನಿಂತಿತು, ಅಲ್ಲಿಂದ ಇಳಿಯಲು ಹೆದರಿತು, ಕೊನೆಗೆ ಇಳಿದೇ ಬಂತು. ಅಷ್ಟರಲ್ಲಿ ಸೊಂಡಿಲು ತುಂಬ ನೀರು ಇಬ್ಬರ ಮುಖಕ್ಕೂ ರಪ್ಪೆಂದು ಬಡಿಯಿತು.

"ಸವತಿ! ನಿಜವಾದ ಸವತಿ ನೀನು!" ಎಂದು ರಂಫಾ ಕೂಗಿದಳು. ಬುವಾ ಕಿವಿ ಬೀಸುತ್ತ ನಿಂತಿತು. ಆ ದಿನ ರಂಫಾ ತೊಪ್ಪೆಯಾದ ಬಟ್ಟೆಯಲ್ಲೇ ಮನೆಗೆ ಬಂದು, ಅಪ್ಪನಿಗೆ ಉಣ್ಣಿಸುವಾಗ ಸುಮ್ಮಸುಮ್ಮನೆ ನಗುತ್ತಿದ್ದಳು.

ಅಪ್ಪ ಉಥಾಯ್ ಹಿಂದೆ ಮೀನುಗಾರ, ಆಮೇಲೆ ಡ್ರೈವರ್. ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಹೋಗಿ, ಈಗ ಕಡಲಿಗೆ ಮುಖ ಮಾಡಿ ಇಟ್ಟ ಮಂಚವೇ ಅವನ ಲೋಕ. ಅಮ್ಮ ಇಲ್ಲ. ತುತ್ತಿಡುವುದರಿಂದ ಮೈ ಹೊರಳಿಸುವ ತನಕ ಎಲ್ಲಕ್ಕೂ ಮಗಳೇ.

ಮಳೆಗಾಲಕ್ಕೆ ಮುಂಚೆ ಬುವಾಳ ಹಿಂಗಾಲಿನಲ್ಲಿ ಹುಣ್ಣಾಯಿತು. ಔಷಧಿಗೆ ಒಣಗುವುದು, ಮತ್ತೆ ಕೀವಾಗುವುದು. ಪಶುವೈದ್ಯೆ ಬಂದು ನೋಡಿ, ಈ ಸಿಮೆಂಟ್ ನೆಲದ ಮೇಲೆ ಇದು ವಾಸಿಯಾಗುವುದಿಲ್ಲ, ಮೆತ್ತನೆ ಮಣ್ಣಿರುವ ಕಾಡೇ ಬೇಕು ಎಂದಳು. ತೋಟದ ಯಜಮಾನ ಪ್ರಸಿತ್ ಕೆಟ್ಟವನಲ್ಲ. ಉತ್ತರದ ಬೆಟ್ಟಗಳಲ್ಲಿರುವ ಒಂದು ಆನೆಧಾಮಕ್ಕೆ ಫೋನ್ ಮಾಡಿ ಎಲ್ಲ ಏರ್ಪಾಡು ಮಾಡಿಸಿದ. ಈ ಜಾಗದಲ್ಲಿ ಇನ್ನು ಮಕ್ಕಳು ನೀರಾಟವಾಡುವ ದೊಡ್ಡ ಜಾರುಬಂಡೆಗಳು ಬರಲಿದ್ದವು.

"ನಾನು ಹೋಗಲ್ಲ," ಎಂದ ದೇಚಾ. ರಂಫಾ ಕೇಳಿರಲೂ ಇಲ್ಲ. "ಅಲ್ಲಿಯ ಮಾವುತ ಬರ್ತಾನೆ. ಒಳ್ಳೆ ಅನುಭವಸ್ಥ. ಬುವಾಗೆ ಅಭ್ಯಾಸ ಆಗತ್ತೆ. ನಾನು ಇಲ್ಲೇ ಏನಾದ್ರೂ ಮಾಡ್ತೀನಿ. ನಿನ್ನ ಪಿಕಪ್ ತೊಳ್ಕೊಂಡಾದ್ರೂ ಇರ್ತೀನಿ."

"ಪಿಕಪ್ ಮುನಿಸ್ಕೊಳ್ಳಲ್ಲಪ್ಪ, ನಿನಗೆ ಬೇಜಾರಾಗತ್ತೆ," ಎಂದು ಅವಳು ನಕ್ಕಳು. ಒಳಗೆ ಎದೆ ಹಾರುತ್ತಿತ್ತು. ಇಷ್ಟು ದೊಡ್ಡ ಸಂತೋಷ ತನ್ನ ಪಾಲಿಗೆ ಇಷ್ಟು ಸಲೀಸಾಗಿ ಬರಬಹುದೇ ಎಂಬ ಭಯವೂ ಇತ್ತು.

ಉತ್ತರದ ಮಾವುತ ಬಂದ. ಸೌಮ್ಯ ಸ್ವಭಾವದ ನರೆಗೂದಲಿನವನು. ಆನೆ ಹೊಸಬನಿಗೆ ಹೊಂದಿಕೊಳ್ಳಲಿ ಎಂದು ದೇಚಾನಿಗೆ ಒಂದು ದಿನ ಕಣ್ಣಿಗೆ ಬೀಳದ ಹಾಗೆ ಇರಲು ಹೇಳಿದರು. ರಂಫಾ ಅವನನ್ನು ದಕ್ಷಿಣದ ಕಡಲತೀರಕ್ಕೆ ಕರೆದೊಯ್ದಳು. ಪಪ್ಪಾಯಿಕಾಯಿಯ ಕೋಸಂಬರಿ ತಿಂದರು, ಮರಳಲ್ಲಿ ಕೂತರು. ಅವಳು ಹಳದಿ ರವಿಕೆ ಹಾಕಿದ್ದಳು. ಅವನು "ಚೆನ್ನಾಗಿದೆ" ಎಂದ, ಮತ್ತೆ ತೋಟದ ದಿಕ್ಕಿನ ಗುಡ್ಡ ನೋಡಿದ. ಅವಳು ಏನೋ ಕೇಳಿದಳು, ಅವನು ಇನ್ನೇನೋ ಉತ್ತರ ಕೊಟ್ಟ.

"ಬಾ, ನೋಡ್ಕೊಂಡ್ ಬರೋಣ," ಎಂದು ಕೊನೆಗೆ ಅವಳೇ ಎದ್ದಳು.

ತೋಟದ ಬಾಗಿಲಲ್ಲಿ ಬುವಾ ನಿಂತಿತ್ತು. ಹಾಕಿದ ಹುಲ್ಲು ಹಾಕಿದ ಹಾಗೆಯೇ ಬಿದ್ದಿತ್ತು. ಸರಪಳಿ ಜಗ್ಗಿ ಜಗ್ಗಿ ಹುಣ್ಣಿನ ಕಾಲಿಂದ ರಕ್ತ ಸೋರುತ್ತಿತ್ತು. ಉತ್ತರದವನು ಕೈಚೆಲ್ಲಿ ಕೂತಿದ್ದ. "ನೀರೂ ಮುಟ್ಟಿಲ್ಲ ಕಣಪ್ಪಾ," ಎಂದ.

ಪಿಕಪ್ ನಿಲ್ಲುವ ಮೊದಲೇ ದೇಚಾ ಜಿಗಿದು ಓಡಿದ. ಸೊಂಡಿಲು ಅವನ ತಲೆ, ಕತ್ತು, ಬೆನ್ನು ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿತು, ಕಳೆದುಹೋದ ಮಗುವಿಗೆ ಏಟಾಗಿದೆಯೇ ಎಂದು ತಾಯಿ ತಡಕುವ ಹಾಗೆ. ಅವನು ಆ ಸೊಂಡಿಲಿಗೆ ಹಣೆ ಒತ್ತಿ ಅತ್ತ. ರಂಫಾ ಸ್ಟೀರಿಂಗ್ ಹಿಡಿದು ಕೂತೇ ಇದ್ದಳು. ಇಳಿದು ಹೋಗಿ ಸಮಾಧಾನ ಮಾಡಲು ಅಲ್ಲಿ ಅವಳಿಗೆ ಜಾಗವಿರಲಿಲ್ಲ.

ಮಾರನೆಯ ದಿನ ಪ್ರವಾಸಿಗಳನ್ನು ಕೆರೆಯ ನಡುವಿನ ಕುವಾನ್ ಇಮ್ ದೇವಿಯ ಗುಡಿಗೆ ಬಿಟ್ಟು, ತಾನೂ ತಾವರೆ ಮೊಗ್ಗು ಹಿಡಿದು ಮಂಡಿಯೂರಿದಳು. ಕರುಣೆಯ ದೇವಿ. ಹದಿನೆಂಟು ಕೈಗಳು. ಏನೆಂದು ಬೇಡುವುದು? ಆನೆ ಇಲ್ಲೇ ಇರಲಿ ಎಂದರೆ ಆ ಕಾಲು ಕೊಳೆಯುತ್ತದೆ. ದೇಚಾ ಇಲ್ಲೇ ಇರಲಿ ಎಂದರೆ ಆನೆ ಉಪವಾಸ ಸಾಯುತ್ತದೆ. ತಾನೇ ಹೋಗುತ್ತೇನೆ ಎಂದರೆ ಅಪ್ಪ. ಬೈದುಕೊಳ್ಳಲು ಒಬ್ಬ ಕೆಟ್ಟ ಮನುಷ್ಯನಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ದೇವಿಗೆ ಹದಿನೆಂಟು ಕೈ ಇದ್ದೇನು ಬಂತು, ಅವುಗಳಲ್ಲಿ ಇಡಲು ಇವಳ ಬಳಿ ಒಂದು ಬೇಡಿಕೆಯೂ ಇರಲಿಲ್ಲ. ಮೊಗ್ಗನ್ನಿಟ್ಟು ಎದ್ದುಬಂದಳು.

ಅಪ್ಪನಿಗೆ ಗೊತ್ತಾಗಿತ್ತು. ಸೊಟ್ಟಬಾಯಲ್ಲಿ ಕಷ್ಟಪಟ್ಟು, "ಹೋಗು... ನನ್ನ... ಅತ್ತೆ ಮಗಳು ನೋಡ್ಕೋತಾಳೆ," ಎಂದ.

"ನಿನ್ನತ್ತೆ ಮಗಳಿಗೇ ಎಂಬತ್ತಾಯ್ತು. ನೀನು ಅವಳನ್ನ ನೋಡ್ಕೋಬೇಕು."

ಅಪ್ಪ ನಗಲು ಹೋದ, ಎಡಗಣ್ಣಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲು ರೂಢಿಯ ಬಲಗೈ ಏಳದೆ ಒದ್ದಾಡಿದಾಗ ರಂಫಾ ತನ್ನ ಸೆರಗಿನಂಥ ಕೊರಳವಸ್ತ್ರದಿಂದ ಒರೆಸಿ, ಅದೇ ತುದಿಯಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು.

ದೇಚಾನಿಗೆ ಅವಳೇ ಹೇಳಿದಳು. "ನೀನು ಹೋಗು."

"ನೀನು ಹೇಳಿದ್ರೆ ಉಳೀತೀನಿ ರಂಫಾ. ಒಂದು ಸಲ ಹೇಳಿಬಿಡು, ಸಾಕು."

"ಗೊತ್ತು. ಅದಕ್ಕೇ ಹೇಳ್ತಿಲ್ಲ."

ಬುವಾಳನ್ನು ಹೊತ್ತ ಲಾರಿ ಹೊರಟ ಬೆಳಿಗ್ಗೆ, ಇಳಿಜಾರಿನ ತಿರುವುಗಳಲ್ಲಿ ದಾರಿ ಬಿಡಿಸಿಕೊಡಲು ರಂಫಾಳ ಕೆಂಪು ಪಿಕಪ್ ಮುಂದೆ ನಡೆಯಿತು. ಅವಳು ಅಷ್ಟು ನಿಧಾನ ಎಂದೂ ಓಡಿಸಿದವಳಲ್ಲ. ಕಾಯಿ ಹೊತ್ತ ಸೈಕಲ್ಲುಗಳೂ ಹಿಂದೆ ಹಾಕಿ ಹೋದವು. ಬಂದರಿನ ಧಕ್ಕೆ ತಲುಪುವಷ್ಟರಲ್ಲಿ ಫೆರಿ ಬಿಟ್ಟು ಹೋಗಿತ್ತು.

ದೇಚಾ ಲಾರಿಯಿಂದ ಇಳಿದು ಬಂದ. "ಬೇಕಂತ ಮಾಡಿದ್ಯಾ?"

"ಹೂಂ," ಎಂದಳು. ಸುಳ್ಳಾಡಲು ಶಕ್ತಿ ಉಳಿದಿರಲಿಲ್ಲ. ಲಾರಿಯ ಮೇಲೆ ಬಿಸಿಲಿಗೆ ಬುವಾ ಕಿವಿ ಬೀಸುತ್ತಿದ್ದುದು ಕಂಡು ಅವಳಿಗೆ ನಾಚಿಕೆಯಾಯಿತು. ಇಬ್ಬರೂ ಬಕೆಟ್ ಹಿಡಿದು ಧಕ್ಕೆಯ ನಲ್ಲಿಯಿಂದ ನೀರು ಹೊತ್ತು ಅದರ ಬೆನ್ನಿಗೆ ಎರೆದರು. ಆಮೇಲೆ ಲಾರಿಯ ನೆರಳಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತರು. ಕದ್ದು ತಂದ ಆ ಸಮಯದಲ್ಲಿ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ಯಾವಾಗ ಬರ್ತೀಯ ಅಂತ ನೀನು ಒಂದು ಸಲನೂ ಕೇಳ್ಲಿಲ್ಲ," ಎಂದ ದೇಚಾ.

"ಹೇಗೆ ಕೇಳ್ಲಿ?" ಅವಳ ದನಿ ಒಡೆಯಿತು. "ನೀನು ಯಾವಾಗ ಬರ್ತೀಯ ಅಂತ ಕೇಳಿದ್ರೆ, ಇವಳು ಯಾವಾಗ ಸಾಯ್ತಾಳೆ ಅಂತ ಕೇಳಿದ ಹಾಗಲ್ವಾ?"

ಅವನು ಅವಳ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ. "ನಿನ್ನನ್ನ ಬರ್ತೀಯಾ ಅಂತ ನಾನೂ ಅದಕ್ಕೇ ಕೇಳ್ಲಿಲ್ಲ," ಎಂದ. ಅವಳಿಗೆ ಮಂಚದ ಮೇಲಿನ ಅಪ್ಪ ನೆನಪಾದ. ಹುಣ್ಣಿನ ಹಾಗೆ ಇಬ್ಬರಿಗೂ ನೋಯುವ ಜಾಗ ಒಂದೇ ಆಗಿತ್ತು.

ಮುಂದಿನ ಫೆರಿ ಬಂತು. ಕೂಗು ಹಾಕಿದರು. ಲಾರಿಯ ಇಂಜಿನ್ ಗುರುಗುಟ್ಟಿತು. ರಂಫಾ ಚಕ್ರದ ಮೇಲೆ ಕಾಲಿಟ್ಟು ಸರಳುಗಳ ತನಕ ಹತ್ತಿದಳು. ಬುವಾ ಸೊಂಡಿಲು ಹೊರಚಾಚಿ ಅವಳ ಒದ್ದೆ ಮುಖವನ್ನು ಮೂಸಿತು. ಅವಳು ಆ ಒರಟು ಚರ್ಮವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಪಕ್ಕದಲ್ಲಿ ನಿಂತಿದ್ದ ದೇಚಾನ ಕಡೆ ತಿರುಗಿ ನೋಡಲಿಲ್ಲ.

"ಚೆನ್ನಾಗಿ ತಿನ್ನು," ಎಂದಳು ಆನೆಗೆ. "ಕಾಲು ವಾಸಿಮಾಡ್ಕೊ. ಬಹಳ ವರ್ಷ ಬದುಕು. ಕೇಳಿಸ್ತಾ? ಬಹಳ, ಬಹಳ ವರ್ಷ ಬದುಕು."

ರಂಫಾ ತನ್ನನ್ನು ಎಷ್ಟು ಪ್ರೀತಿಸುತ್ತಾಳೆಂದು ದೇಚಾನಿಗೆ ಆ ಮಾತಿನಲ್ಲಿ ಪೂರ್ತಿ ತಿಳಿಯಿತು. ಅವನು ಅಲ್ಲೇ, ಧಕ್ಕೆಯ ಜನರೆಲ್ಲ ನೋಡುತ್ತಿರುವಾಗಲೇ, ಮಕ್ಕಳ ಹಾಗೆ ಜೋರಾಗಿ ಅತ್ತುಬಿಟ್ಟ.